ಬಡ್ತಿಯ ಬಾಗಿಲು ಮುಚ್ಚಿದರೆ ಬಾಯಿಯೂ ಮುಚ್ಚಬೇಕೆ? : ಗಡಿನಾಡಿನ ರೈಲ್ವೆ ಕನ್ನಡಿಗರಿಗೊಂದು ಬಿನ್ನಹ



ಈ ಮಾಲೆಯ ಪುಸ್ತಿಕೆಗಳಲ್ಲಿ ಶಾಲೆಯ ಪ್ರಶ್ನೆಯನ್ನೂ ಗಡಿಯ ಪ್ರಶ್ನೆಯನ್ನೂ ನಿಮ್ಮೊಡನೆ ವಿಚಾರಮಾಡುತ್ತ ಬಂದಿರುವ ನಾವು ಈ ಸಲ ಅನ್ನದ ಪ್ರಶ್ನೆಯೊಂದನ್ನು ಹಿಡಿದುಕೊಂಡು ನಿಮ್ಮ ಮುಂದೆ ನಿಂತಿದ್ದೇವೆ. ದುಧನಿ, ಅಕ್ಕಲಕೋಟೆಗಳ ಬದಿಯಲ್ಲಿ, ಆದವಾನಿಯ ಎರೆಹೊಲಗಳ ನಡುವೆ, ಮಂಜೇಶ್ವರ ಕುಂಬಳೆಗಳ ತೆಂಗಿನ ತೋಟಗಳ ಅಂಚಿನಲ್ಲಿ, ಹೊಸೂರಿನ ಕಲ್ಲುಗುಡ್ಡಗಳ ತಗ್ಗಿನಲ್ಲಿ ರೈಲುಹಳಿ ಹಾದುಹೋಗಿದೆ. ಆ ಹಳಿಯ ಮೇಲೆ ಸುತ್ತಿಗೆ ಹಿಡಿದು ನಡೆಯುವ ಕೀಮ್ಯಾನನೂ, ಜಲ್ಲಿಯನ್ನು ಬಿಗಿಮಾಡುವ ಗ್ಯಾಂಗ್‌ಮನ್ನನೂ, ಮಳೆಗಾಲದ ರಾತ್ರಿಯಲ್ಲಿ ದೀಪ ಹಿಡಿದು ಕಾವಲು ತಿರುಗುವವನೂ ಎಷ್ಟೋ ಕಡೆ ನಮ್ಮ ಹಳ್ಳಿಯವರೇ, ನಮ್ಮ ಮನೆಯವರೇ. ಎರಡೆಕರೆ ಬೆದ್ದಲನ್ನು ನಂಬಿ ಬದುಕಿದ ಸಂಸಾರಕ್ಕೆ ರೈಲ್ವೆಯ ನೌಕರಿಯೆಂದರೆ ಏನೆಂಬುದನ್ನು ನಿಮಗೆ ನಾವು ಹೇಳಬೇಕಾದುದಿಲ್ಲ.

ಈ ನೌಕರನು ಬೆಳಗಿನಿಂದ ಸಂಜೆಯವರೆಗೆ ಬಿಸಿಲಲ್ಲಿ ಬೆಂದರೂ ಒಂದು ಆಸೆಯನ್ನು ಇಟ್ಟುಕೊಂಡಿರುತ್ತಾನೆ. ಇಲಾಖೆಯ ಒಳಗಿನ ಪರೀಕ್ಷೆಯನ್ನು ಬರೆದು, ತರಬೇತಿಶಾಲೆಗೆ ಹೋಗಿ ಬಂದು, ಒಂದು ದಿನ ಗುಮಾಸ್ತನೋ, ಗಾಡಿಯ ಗಾರ್ಡನೋ, ಸ್ಟೇಷನ್ ಮಾಸ್ತರನೋ, ಕಿರಿಯ ಇಂಜಿನಿಯರನೋ ಆಗುವ ಆಸೆ ಅದು. ಈ ಆಸೆಯ ಬಾಗಿಲನ್ನೇ ೨೦೨೫ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಒಂದು ಸುತ್ತೋಲೆಯು ಮುಚ್ಚಿತು. ಬಾಗಿಲು ಮುಚ್ಚಿದವರ ತಪ್ಪೆಷ್ಟು, ಬಾಗಿಲ ಹೊರಗೆ ಬಾಯಿ ಮುಚ್ಚಿ ನಿಂತವರ ತಪ್ಪೆಷ್ಟು ಎಂಬುದನ್ನು ತೂಗಿ ನೋಡುವುದೇ ಈ ಪುಸ್ತಿಕೆಯ ಉದ್ದೇಶ.

೧. ನಡೆದುದೇನು?

ಉತ್ತರಪ್ರದೇಶದ ಮುಗಲ್‌ಸರಾಯಿಯಲ್ಲಿ ೨೦೨೫ನೆಯ ಮಾರ್ಚ್ ೪ರಂದು ಮುಖ್ಯ ಲೋಕೋ ನಿರೀಕ್ಷಕರ ಹುದ್ದೆಗೆ ಒಂದು ಇಲಾಖಾ ಪರೀಕ್ಷೆ ಗೊತ್ತಾಗಿತ್ತು. ಅದರ ಪ್ರಶ್ನಪತ್ರಿಕೆಯು ಮುಂಚಿತವಾಗಿಯೇ ಹಣಕ್ಕೆ ಮಾರಾಟವಾಯಿತೆಂಬ ಆರೋಪದ ಮೇಲೆ ಕೇಂದ್ರೀಯ ತನಿಖಾ ಸಂಸ್ಥೆಯು ಶೋಧ ನಡೆಸಿ, ಇಪ್ಪತ್ತಾರು ಮಂದಿ ರೈಲ್ವೆ ಅಧಿಕಾರಿಗಳನ್ನೂ ನೌಕರರನ್ನೂ ಬಂಧಿಸಿತು. ಒಂದು ಕೋಟಿಗೂ ಮೀರಿದ ನಗದನ್ನು ವಶಪಡಿಸಿಕೊಂಡಿತು. ಇದರ ಬೆನ್ನಿಗೇ ರೈಲ್ವೆ ಮಂಡಳಿಯು ದೇಶದ ಎಲ್ಲ ವಲಯಗಳಿಗೂ ಆಜ್ಞೆ ಕಳುಹಿಸಿತು. ಮೂರನೆಯ ದರ್ಜೆಯ ಹುದ್ದೆಗಳಿಗೆ ನಡೆಯುತ್ತಿದ್ದ ಇಲಾಖಾ ಆಯ್ಕೆಗಳಲ್ಲಿ, ಸೀಮಿತ ಸ್ಪರ್ಧಾ ಪರೀಕ್ಷೆಗಳಲ್ಲಿ, ಸಾಮಾನ್ಯ ಇಲಾಖಾ ಸ್ಪರ್ಧಾ ಪರೀಕ್ಷೆಗಳಲ್ಲಿ ಯಾವುವು ಮಾರ್ಚ್ ೪ರೊಳಗೆ ಅಂತಿಮವಾಗಿ ಮಂಜೂರಾಗಿರಲಿಲ್ಲವೋ ಅವೆಲ್ಲವೂ ರದ್ದು. ಮುಂದಿನ ಆಜ್ಞೆಯವರೆಗೆ ಹೊಸ ಆಯ್ಕೆಗಳೂ ಬೇಡ. ಇನ್ನು ಮುಂದೆ ಇಲಾಖಾ ಬಡ್ತಿಯ ಪರೀಕ್ಷೆಗಳನ್ನು ರೈಲ್ವೆ ನೇಮಕಾತಿ ಮಂಡಳಿಗಳ ಮೂಲಕ, ಕಂಪ್ಯೂಟರಿನ ಮೇಲೆ, ಕೇಂದ್ರೀಕೃತವಾಗಿ ನಡೆಸುವುದೆಂದೂ ಸರ್ಕಾರವು ಸಾರಿತು.

ಕಳ್ಳರನ್ನು ಹಿಡಿದುದು ಸರಿ. ಪ್ರಶ್ನಪತ್ರಿಕೆಯನ್ನು ಮಾರುವವನು ಬಡ ನೌಕರನ ಬದುಕನ್ನೇ ಮಾರುವವನು. ಅವನಿಗೆ ತಕ್ಕ ಶಿಕ್ಷೆಯಾಗಲಿ ಎಂಬುದರಲ್ಲಿ ನಮ್ಮದು ಎರಡನೆಯ ಮಾತಿಲ್ಲ. ಪರೀಕ್ಷೆಯ ಕ್ರಮವನ್ನು ಬಿಗಿಗೊಳಿಸುವುದೂ ಸರಿ. ಆದರೆ ಮುಗಲ್‌ಸರಾಯಿಯಲ್ಲಿ ನಡೆದ ಪಾಪಕ್ಕೆ ಸೊಲ್ಲಾಪುರದಲ್ಲಿ, ಗುಂತಕಲ್ಲಿನಲ್ಲಿ, ಪಾಲಕ್ಕಾಡಿನಲ್ಲಿ ಪ್ರಾಮಾಣಿಕವಾಗಿ ಬರೆದವನ ಪರೀಕ್ಷೆಯನ್ನೂ ಅಳಿಸಿಹಾಕಿದುದು ಯಾವ ನ್ಯಾಯ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎಂಬ ನಮ್ಮ ಹಿರಿಯರ ಗಾದೆ ಇಂಥ ಆಡಳಿತವನ್ನು ಕಂಡೇ ಹುಟ್ಟಿರಬೇಕು.

೨. ನಿಂತುದು ಪರೀಕ್ಷೆ ಮಾತ್ರವಲ್ಲ

"ಒಂದು ಪರೀಕ್ಷೆ ಹೋದರೆ ಇನ್ನೊಂದು ಬರುತ್ತದೆ, ಇದಕ್ಕೇಕೆ ಇಷ್ಟು ರಂಪ?" ಎಂದು ಕೇಳುವ ಸುಖಪುರುಷರಿದ್ದಾರೆ. ಅವರಿಗಾಗಿ ಲೆಕ್ಕವನ್ನು ಬಿಡಿಸಿ ಇಡುತ್ತೇವೆ.

ಏಳನೆಯ ವೇತನ ಆಯೋಗದ ಪಟ್ಟಿಯಲ್ಲಿ ಒಂದನೆಯ ಹಂತದ ಆರಂಭದ ಮೂಲವೇತನ ೧೮,೦೦೦ ರೂಪಾಯಿ, ಎರಡನೆಯದು ೧೯,೯೦೦, ನಾಲ್ಕನೆಯದು ೨೫,೫೦೦, ಐದನೆಯದು ೨೯,೨೦೦. ಸ್ಟೇಷನ್ ಮಾಸ್ತರರೂ ಕಿರಿಯ ಇಂಜಿನಿಯರರೂ ಇರುವ ಆರನೆಯ ಹಂತ ೩೫,೪೦೦ರಿಂದ ಮೊದಲಾಗುತ್ತದೆ. ಬಡ್ತಿಯೆಂದರೆ ಈ ಮೆಟ್ಟಿಲನ್ನು ಏರುವುದು. ಏರುವುದು ಒಂದು ವರ್ಷ ತಡವಾದರೆ ಹೋಗುವುದು ಆ ವರ್ಷದ ಹೆಚ್ಚಳ ಮಾತ್ರವಲ್ಲ. ಮುಂದಿನ ಪ್ರತಿ ವಾರ್ಷಿಕ ಹೆಚ್ಚಳವೂ ಹಿಂದಿನ ಮೂಲವೇತನದ ಮೇಲೆಯೇ ನಿಲ್ಲತಕ್ಕದ್ದಾದುದರಿಂದ ಅಂದು ಬಿದ್ದ ಕೊರತೆಯು ನಿವೃತ್ತಿಯ ದಿನದವರೆಗೂ ಬೆನ್ನು ಬಿಡುವುದಿಲ್ಲ. ನಿವೃತ್ತಿಯಾದ ಮೇಲೂ ಬಿಡುವುದಿಲ್ಲ. ರಾಷ್ಟ್ರೀಯ ಪಿಂಚಣಿ ಯೋಜನೆಯಲ್ಲಿರುವವನ ನಿಧಿಗೆ ಸೇರುವ ವಂತಿಗೆ ಅವನ ವೇತನದ ಶೇಕಡಾವಾರು. ೨೦೨೫ನೆಯ ಏಪ್ರಿಲ್ ೧ರಿಂದ ಬಂದ ಏಕೀಕೃತ ಯೋಜನೆಯನ್ನು ಆರಿಸಿಕೊಂಡವನ ಪಿಂಚಣಿಯಾದರೂ ಕೊನೆಯ ಹನ್ನೆರಡು ತಿಂಗಳ ಮೂಲವೇತನದ ಸರಾಸರಿಯನ್ನು ಹಿಡಿದದ್ದು. ಹೀಗೆ ಯೌವನದಲ್ಲಿ ತಡೆದ ಒಂದು ಮೆಟ್ಟಿಲು ಮುಪ್ಪಿನ ಗಂಜಿಯನ್ನು ತೆಳ್ಳಗೆ ಮಾಡುತ್ತದೆ.

ಎರಡನೆಯದು ಜ್ಯೇಷ್ಠತೆ. ಒಂದೇ ಹುದ್ದೆಗೆ ಹೊರಗಿನಿಂದ ನೇರವಾಗಿ ನೇಮಕಗೊಂಡು ಬರುವವರೂ ಉಂಟು, ಒಳಗಿನಿಂದ ಬಡ್ತಿಯ ಪಾಲಿನಲ್ಲಿ ಏರುವವರೂ ಉಂಟು. ಒಳಗಿನ ದಾರಿ ಮುಚ್ಚಿ ಹೊರಗಿನ ದಾರಿ ತೆರೆದಿದ್ದರೆ, ನಿನ್ನೆ ಬಂದ ತರುಣನು ಪಟ್ಟಿಯಲ್ಲಿ ಮೇಲೆ ಕೂರುತ್ತಾನೆ. ಹದಿನೈದು ವರ್ಷ ಹಳಿ ಕಾದವನು ಕೆಳಗೆ ನಿಲ್ಲುತ್ತಾನೆ. ಆ ತರುಣನ ಮೇಲೆ ನಮಗೆ ಮತ್ಸರವಿಲ್ಲ. ಅವನೂ ಬಡವರ ಮಗನೇ. ಆದರೆ ಎರಡು ಬಾಗಿಲ ಮನೆಯಲ್ಲಿ ಒಂದನ್ನು ಮಾತ್ರ ಮುಚ್ಚಿ, ಒಳಗಿದ್ದವನು ಹಿಂದುಳಿದನೆಂದು ಹಳಿಯುವುದು ತರವಲ್ಲ.

ಮೂರನೆಯದು ವಯಸ್ಸು. ಇಂಥ ಕೆಲವು ಪರೀಕ್ಷೆಗಳಿಗೆ ವಯೋಮಿತಿಯಿದೆ. ಪರೀಕ್ಷೆಯನ್ನು ನಿಲ್ಲಿಸುವ ಅಧಿಕಾರ ಮಂಡಳಿಗೆ ಇರಬಹುದು; ನೌಕರನ ವಯಸ್ಸನ್ನು ನಿಲ್ಲಿಸುವ ಅಧಿಕಾರ ಯಾವ ಮಂಡಳಿಗೂ ಇಲ್ಲ. ತಡೆಯ ಕಾಲದಲ್ಲಿ ಮಿತಿಯನ್ನು ದಾಟಿದವನಿಗೆ ಬಾಗಿಲು ಮತ್ತೆ ತೆರೆದರೂ ಅದು ಅವನ ಪಾಲಿಗೆ ಗೋಡೆಯೇ.

ನಾಲ್ಕನೆಯದು ತರಬೇತಿ. ಸ್ಟೇಷನ್ ಮಾಸ್ತರ, ಗಾರ್ಡ್, ಲೋಕೋ ಪೈಲಟ್ ಮೊದಲಾದ ಸುರಕ್ಷತೆಗೆ ಸೇರಿದ ಹುದ್ದೆಗಳಲ್ಲಿ, ಗೊತ್ತಾದ ತರಬೇತಿಯನ್ನು ಮುಗಿಸಿ ತೇರ್ಗಡೆಯಾಗದೆ ಯಾರೂ ಸ್ವತಂತ್ರವಾಗಿ ಕೆಲಸ ಮಾಡುವಂತಿಲ್ಲ. ಆಯ್ಕೆ ನಿಂತರೆ ತರಬೇತಿಗೆ ಹೋಗುವ ತಂಡವೂ ನಿಲ್ಲುತ್ತದೆ. ತಂಡ ನಿಂತರೆ ಖಾಲಿ ಹುದ್ದೆ ಖಾಲಿಯಾಗಿಯೇ ಇರುತ್ತದೆ. ಆ ಖಾಲಿ ಹುದ್ದೆಯ ಭಾರವು ಈಗಾಗಲೇ ಎಂಟು ಹನ್ನೆರಡು ಗಂಟೆ ದುಡಿಯುತ್ತಿರುವವನ ಹೆಗಲಿಗೆ ಬೀಳುತ್ತದೆ. ಇದು ನೌಕರನೊಬ್ಬನ ಕಷ್ಟವಷ್ಟೇ ಅಲ್ಲ. ಗಾಡಿಯಲ್ಲಿ ಕುಳಿತು ನಿಶ್ಚಿಂತೆಯಿಂದ ನಿದ್ರಿಸುವ ಪ್ರಯಾಣಿಕನ ಕ್ಷೇಮವೂ ಹೌದು.

"ಹತ್ತು, ಇಪ್ಪತ್ತು, ಮೂವತ್ತು ವರ್ಷಕ್ಕೆ ಸರ್ಕಾರವೇ ವೇತನದ ಹಂತವನ್ನು ಏರಿಸುತ್ತದಲ್ಲ?" ಎಂಬ ಸಮಾಧಾನವನ್ನೂ ಕೇಳಿದ್ದೇವೆ. ೨೦೦೮ರಿಂದ ಅಂಥದೊಂದು ಯೋಜನೆ ಇದೆ, ನಿಜ. ಆದರೆ ಅದು ಸಂಬಳದ ಸಮಾಧಾನವೇ ಹೊರತು ಹುದ್ದೆಯಲ್ಲ. ಸಂಬಳದ ಚೀಟಿಯಲ್ಲಿ ಅಂಕೆ ಬದಲಾದರೂ ಕೈಯಲ್ಲಿನ ಸುತ್ತಿಗೆ ಬದಲಾಗುವುದಿಲ್ಲ. ನೆತ್ತಿಯ ಮೇಲಿನ ಬಿಸಿಲು ಬದಲಾಗುವುದಿಲ್ಲ.

೩. ಹಕ್ಕಿನ ಮಾತು

"ಬಡ್ತಿಯು ಯಾರ ಹಕ್ಕೂ ಅಲ್ಲ" ಎಂದು ಕಚೇರಿಯ ಕಿಟಕಿಯಿಂದ ಗದರಿಸುವುದು ರೂಢಿ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಅರ್ಧ ಸತ್ಯವೇ ನಮ್ಮ ಜನರನ್ನು ಹೆಚ್ಚು ಕೆಡಿಸಿದುದು. ಆಯ್ಕೆಯ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಹುದ್ದೆಯು ತನ್ನದೆಂದು ಹೇಳುವ ಅಚಲವಾದ ಹಕ್ಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ೧೯೯೧ರಲ್ಲಿ ಶಂಕರ್‌ಸನ್ ದಾಶ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಇದನ್ನು ಮುಚ್ಚಿಟ್ಟು ನಿಮ್ಮನ್ನು ಹುರಿದುಂಬಿಸುವುದು ನಮಗೆ ಬೇಕಿಲ್ಲ. ಆದರೆ ಅದೇ ತೀರ್ಪು, ಸರ್ಕಾರವು ಮನಬಂದಂತೆ ನಡೆಯುವ ಹಾಗಿಲ್ಲ, ಹುದ್ದೆಯನ್ನು ತುಂಬದಿರುವ ನಿರ್ಧಾರವು ಪ್ರಾಮಾಣಿಕವಾಗಿಯೂ ತಕ್ಕ ಕಾರಣಗಳಿಂದಲೂ ಆಗಬೇಕು ಎಂದೂ ಹೇಳಿದೆ. ೧೯೯೯ರ ಅಜಿತ್ ಸಿಂಗ್ ಪ್ರಕರಣದಲ್ಲಿ, ಅರ್ಹನಾದ ನೌಕರನನ್ನು ಬಡ್ತಿಗೆ ಪರಿಗಣಿಸಬೇಕೆಂಬುದು ಸಂವಿಧಾನದ ೧೬ನೆಯ ವಿಧಿಯಿಂದ ಬಂದ ಮೂಲಭೂತ ಹಕ್ಕೆಂದು ನ್ಯಾಯಾಲಯವು ಸ್ಪಷ್ಟಪಡಿಸಿದೆ. ಬಡ್ತಿ ಹಕ್ಕಲ್ಲದಿರಬಹುದು, ಪರಿಗಣನೆ ಹಕ್ಕು. ಪರಿಗಣಿಸುವ ಕ್ರಿಯೆಯನ್ನೇ ನಿಲ್ಲಿಸಿದರೆ ಪ್ರಶ್ನೆ ಕೇಳುವುದೂ ಹಕ್ಕೇ.

ಕಲುಷಿತವಾದುದನ್ನು ಶುದ್ಧವಾದುದರಿಂದ ಬೇರ್ಪಡಿಸಲು ಸಾಧ್ಯವಿರುವಾಗ ಇಡೀ ಆಯ್ಕೆಯನ್ನು ಕೊಚ್ಚಿಹಾಕಬಾರದೆಂದು ೨೦೦೩ರಲ್ಲಿ ರಾಜೇಶ್ ಪುತುವಳ್‌ನಿಕತ್ತು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಬೇರ್ಪಡಿಸಲು ಸಾಧ್ಯವಿಲ್ಲದಷ್ಟು ಕೊಳೆ ಹರಡಿದ್ದಾಗ ಎಲ್ಲವನ್ನೂ ರದ್ದುಮಾಡಬಹುದು. ೨೦೨೫ನೆಯ ಏಪ್ರಿಲ್‌ನಲ್ಲಿ ಪಶ್ಚಿಮ ಬಂಗಾಳದ ಇಪ್ಪತ್ತೈದು ಸಾವಿರಕ್ಕೂ ಮೀರಿದ ಶಾಲಾ ನೇಮಕಗಳ ವಿಷಯದಲ್ಲಿ ಆದುದು ಅದೇ. ಆದುದರಿಂದ ನಮ್ಮ ನೌಕರರು ಕೇಳಬೇಕಾದ ಪ್ರಶ್ನೆಯು ಒಂದೇ, ಮತ್ತು ಅದು ನೇರವಾದುದು: ನಮ್ಮ ವಿಭಾಗದ ನಮ್ಮ ಪರೀಕ್ಷೆಯ ಮೇಲೆ ದೂರೇನಾದರೂ ಇತ್ತೆ? ಇದ್ದರೆ ತೋರಿಸಿರಿ. ಇಲ್ಲದಿದ್ದರೆ ಮುಗಲ್‌ಸರಾಯಿಯ ಕೊಳೆಯನ್ನು ನಮ್ಮ ಬಟ್ಟೆಗೆ ಹಚ್ಚಿದುದೇಕೆ?

೪. ಸಂಘಗಳು ಮಾಡಬೇಕಾದುದು

ರೈಲ್ವೆಯಲ್ಲಿ ನೌಕರರ ಸಂಘಗಳಿಗೂ ಆಡಳಿತಕ್ಕೂ ನಡುವೆ ಖಾಯಂ ಸಂಧಾನ ವ್ಯವಸ್ಥೆಯೆಂಬುದೊಂದು ೧೯೫೨ರಿಂದ ನಡೆದುಬಂದಿದೆ. ವಿಭಾಗದ ಅಧಿಕಾರಿಗಳೊಡನೆ ಎರಡು ತಿಂಗಳಿಗೊಮ್ಮೆ, ವಲಯದ ಜನರಲ್ ಮ್ಯಾನೇಜರರೊಡನೆ ಮೂರು ತಿಂಗಳಿಗೊಮ್ಮೆ, ಅದರ ಮೇಲೆ ರೈಲ್ವೆ ಮಂಡಳಿಯೊಡನೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕುಳಿತು ಮಾತಾಡುವ ಏರ್ಪಾಡು ಇದು. ಈ ಸಭೆಗೆ ವಿಷಯವನ್ನು ಒಯ್ಯುವ ಅಧಿಕಾರವು ಮಾನ್ಯತೆ ಪಡೆದ ಸಂಘಕ್ಕೆ ಮಾತ್ರ. ಆ ಮಾನ್ಯತೆಗಾಗಿ ೨೦೨೪ನೆಯ ಡಿಸೆಂಬರಿನಲ್ಲಿ ಗುಪ್ತ ಮತದಾನವಾಯಿತು. ಮತ ಬೇಡುವಾಗ ನಾಯಕರು ಗ್ಯಾಂಗಿನ ಗುಡಿಸಲವರೆಗೂ ಬಂದರು. ಬಡ್ತಿ ನಿಂತಾಗಲೂ ಅಷ್ಟೇ ದೂರ ನಡೆದು ಬಂದರೆ? ಈ ಪ್ರಶ್ನೆಯನ್ನು ನಿಮ್ಮ ಶಾಖೆಯ ಸಭೆಯಲ್ಲಿ ಎದ್ದು ನಿಂತು ಕೇಳಿರಿ.

ಇಲ್ಲೊಂದು ಸೂಕ್ಷ್ಮವಿದೆ, ಇದನ್ನು ತಿಳಿಯದೆ ಅನೇಕ ಅಹವಾಲುಗಳು ಹೊಸ್ತಿಲಲ್ಲೇ ಬಿದ್ದುಹೋಗುತ್ತವೆ. ಒಬ್ಬ ವ್ಯಕ್ತಿಯ ಬಡ್ತಿ, ಒಬ್ಬನ ವರ್ಗಾವಣೆ ಮೊದಲಾದ, ಸಾಮಾನ್ಯ ತತ್ತ್ವವೇನೂ ಅಡಗಿರದ ವಿಷಯಗಳು ಸಂಧಾನ ಸಭೆಯ ವ್ಯಾಪ್ತಿಗೆ ಹೊರಗೆ. ಅಧಿಕಾರಿಯು ಮನಸ್ಸು ಮಾಡಿದರೆ ಮಾತ್ರ ಚರ್ಚೆ. "ನನ್ನ ಬಡ್ತಿ ನಿಂತಿತು" ಎಂದು ಬರೆದರೆ ಆ ಕಾಗದವು ಮೂಲೆಗೆ ಹೋಗುವುದು ಸುಲಭ. "ಇಂಥ ವಿಭಾಗದಲ್ಲಿ ಲಿಖಿತ ಪರೀಕ್ಷೆ ಮುಗಿದು ದೂರಿಲ್ಲದ ಇಂಥ ಇಂಥ ಆಯ್ಕೆಗಳೆಲ್ಲವೂ ರದ್ದಾಗಿವೆ, ಇದರಿಂದ ಇಷ್ಟು ನೌಕರರ ಜ್ಯೇಷ್ಠತೆಗೂ ವಯೋಮಿತಿಗೂ ಧಕ್ಕೆಯಾಗಿದೆ, ಈ ತತ್ತ್ವವನ್ನು ಮರುಪರಿಶೀಲಿಸಬೇಕು" ಎಂದು ಬರೆದರೆ ಅದು ಸಾಮಾನ್ಯ ತತ್ತ್ವದ ಪ್ರಶ್ನೆಯಾಗುತ್ತದೆ. ಒಬ್ಬನ ಅಳಲನ್ನು ಎಲ್ಲರ ಪ್ರಶ್ನೆಯನ್ನಾಗಿ ಮಾಡುವುದೇ ಸಂಘದ ಕೆಲಸ. ಅದನ್ನು ಮಾಡದ ಸಂಘಕ್ಕೆ ಬಾವುಟ ಉಂಟು, ಬೆನ್ನೆಲುಬಿಲ್ಲ.

೧೯೭೪ನೆಯ ಮೇ ೮ರಿಂದ ೨೭ರವರೆಗೆ ನಡೆದ ಮಹಾಮುಷ್ಕರವನ್ನು ನಮ್ಮ ಹಿರಿಯ ರೈಲ್ವೆ ನೌಕರರು ಇಂದಿಗೂ ನೆನೆಯುತ್ತಾರೆ. ಅದರ ಮುಂದಾಳು ಜಾರ್ಜ್ ಫರ್ನಾಂಡಿಸರು ಮಂಗಳೂರಿನಲ್ಲಿ ಹುಟ್ಟಿದವರು. ಆ ಮುಷ್ಕರವನ್ನು ಸರ್ಕಾರವು ಬಂಧನ, ವಜಾಗಳ ಬಲದಿಂದ ಮುರಿಯಿತು. ಅಂಥ ದಿನಗಳ ಶೌರ್ಯಕ್ಕೆ ನಮ್ಮ ನಮಸ್ಕಾರವಿದೆ. ಆದರೆ ಶೌರ್ಯವೆಂದರೆ ಇಪ್ಪತ್ತು ದಿನಗಳ ಘೋಷಣೆಯೊಂದೇ ಅಲ್ಲ. ವರ್ಷವಿಡೀ ಬೇಸರಿಸದೆ ಕಾಗದ ಬರೆಯುವುದೂ, ಉತ್ತರ ಬಾರದಿದ್ದರೆ ಮತ್ತೆ ಬರೆಯುವುದೂ, ಸಭೆಯ ನಡವಳಿಯಲ್ಲಿ ತನ್ನ ವಿಷಯ ಸೇರಿತೇ ಎಂದು ಹುಡುಕಿ ನೋಡುವುದೂ ಶೌರ್ಯವೇ. ಈ ಎರಡನೆಯ ಬಗೆಯ ಶೌರ್ಯವು ನಮ್ಮಲ್ಲಿ ಕಡಿಮೆಯಾಗಿದೆ.

೫. ಕನ್ನಡದಲ್ಲೇ ಬರೆಯಿರಿ

"ನಮಗೆ ಹಿಂದಿ ಬಾರದು, ಇಂಗ್ಲಿಷ್ ಬಾರದು, ಮರಾಠಿಯಲ್ಲೋ ತೆಲುಗಿನಲ್ಲೋ ಮಲಯಾಳದಲ್ಲೋ ಬರೆಯಲು ಕೈ ತಡವರಿಸುತ್ತದೆ. ಅರ್ಜಿ ಬರೆಯುವುದು ಹೇಗೆ?" ಎಂದು ಕೇಳುವ ಬಂಧುಗಳಿಗೆ ನಮ್ಮ ಉತ್ತರ: ಕನ್ನಡದಲ್ಲೇ ಬರೆಯಿರಿ. ಇದು ಆವೇಶದ ಮಾತಲ್ಲ, ಸಂವಿಧಾನದ ಮಾತು. ಯಾವನೇ ವ್ಯಕ್ತಿಯು ತನ್ನ ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಯಾವುದೇ ಅಧಿಕಾರಿಗೆ ಅಥವಾ ಪ್ರಾಧಿಕಾರಕ್ಕೆ, ಕೇಂದ್ರದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಬಹುದೆಂದು ೩೫೦ನೆಯ ವಿಧಿಯು ಸಾರುತ್ತದೆ. ರೈಲ್ವೆಯು ಕೇಂದ್ರದ್ದು. ಎಂಟನೆಯ ಅನುಸೂಚಿಯಲ್ಲಿ ಕನ್ನಡವಿದೆ. ಅಕ್ಕಲಕೋಟೆಯಲ್ಲಿ ಕುಳಿತು ಸೊಲ್ಲಾಪುರದ ವಿಭಾಗ ಕಚೇರಿಗೂ, ಕುಂಬಳೆಯಲ್ಲಿ ಕುಳಿತು ಪಾಲಕ್ಕಾಡಿನ ಕಚೇರಿಗೂ ಕನ್ನಡದಲ್ಲಿ ಅಹವಾಲು ಬರೆಯುವ ಹಕ್ಕು ನಿಮ್ಮದು. ಉತ್ತರವು ಯಾವ ಭಾಷೆಯಲ್ಲಿ ಬರಬೇಕೆಂಬುದನ್ನು ಆ ವಿಧಿಯು ಹೇಳುವುದಿಲ್ಲವೆಂಬುದನ್ನೂ ತಿಳಿದಿರಿ. ಅದಕ್ಕಾಗಿ ಒಂದು ಇಂಗ್ಲಿಷ್ ಪ್ರತಿಯನ್ನು ಜತೆಗಿಟ್ಟರೆ ಕೆಲಸ ಬೇಗ ಸಾಗೀತು. ಆದರೆ ಮೂಲ ಕನ್ನಡದ್ದಿರಲಿ.

ಮಾಹಿತಿ ಹಕ್ಕಿನ ಕಾಯಿದೆಯದು ಬೇರೆ ಕ್ರಮ. ೨೦೦೫ರ ಆ ಕಾಯಿದೆಯಲ್ಲಿ ಅರ್ಜಿಯು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಆ ಪ್ರದೇಶದ ರಾಜಭಾಷೆಯಲ್ಲೋ ಇರಬೇಕು. ಎರಡನ್ನೂ ಬೆರಸಿ ಗೊಂದಲಪಡಬೇಡಿರಿ. ಹತ್ತು ರೂಪಾಯಿ ಶುಲ್ಕ ಕಟ್ಟಿ, ನಿಮ್ಮ ವಿಭಾಗದಲ್ಲಿ ರದ್ದಾದ ಆಯ್ಕೆಗಳೆಷ್ಟು, ಪ್ರತಿಯೊಂದೂ ಯಾವ ಹಂತದಲ್ಲಿತ್ತು, ಖಾಲಿ ಹುದ್ದೆಗಳೆಷ್ಟು ಎಂದು ಕೇಳಿರಿ; ಮೂವತ್ತು ದಿನಗಳಲ್ಲಿ ಉತ್ತರ ಕೊಡತಕ್ಕದ್ದು ಕಾಯಿದೆ. ಈ ಅಂಕೆಗಳಿಲ್ಲದ ಅಹವಾಲು ಬೀಜವಿಲ್ಲದ ಬಿತ್ತನೆ.

ಭಾಷೆಯ ಮಾತು ಇಲ್ಲಿಗೇ ನಿಲ್ಲುವುದಿಲ್ಲ. ಹೊರಗಿನ ನೇಮಕದ ಪರೀಕ್ಷೆಗಳನ್ನು ರೈಲ್ವೆ ನೇಮಕಾತಿ ಮಂಡಳಿಗಳು ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಲ್ಲಿ ನಡೆಸುತ್ತ ಬಂದಿವೆ. ಇಲಾಖೆಯ ಒಳಗಿನ ಬಡ್ತಿಯ ಪರೀಕ್ಷೆಯೂ ಅದೇ ಮಂಡಳಿಗಳ ಕೈಗೆ ಹೋದ ಮೇಲೆ ಕನ್ನಡದ ಆ ಸೌಕರ್ಯವು ಒಳಗಿನವನಿಗೂ ದೊರೆಯಬೇಕು. ವಿಭಾಗವು ಯಾವ ರಾಜ್ಯದಲ್ಲಿದೆಯೆಂಬುದನ್ನು ನೋಡಿ ಅದನ್ನು ಕೊಡಲೂ ಕೂಡದು, ತಡೆಯಲೂ ಕೂಡದು. ರಾಜ್ಯಗಳ ಗೆರೆ ಬೇರೆ, ರೈಲ್ವೆ ವಿಭಾಗಗಳ ಗೆರೆ ಬೇರೆ. ಕಲಬುರಗಿಯು ಸೊಲ್ಲಾಪುರ ವಿಭಾಗದಲ್ಲಿದೆ; ಮಂಗಳೂರು ಸೆಂಟ್ರಲ್ ಪಾಲಕ್ಕಾಡು ವಿಭಾಗದಲ್ಲಿದೆ; ಹೊಸೂರು ಬೆಂಗಳೂರು ವಿಭಾಗದಲ್ಲಿದೆ. ಹೀಗಿರುವಾಗ ಕನ್ನಡದ ಪ್ರಶ್ನಪತ್ರಿಕೆಯು ಕರ್ನಾಟಕದ ಗಡಿಗಲ್ಲಿನ ಬಳಿ ನಿಂತುಬಿಡಬೇಕೆಂದು ಯಾರು ಹೇಳಿಯಾರು?

೬. ಅಹವಾಲು ಸಲ್ಲಿಸುವ ಕ್ರಮ

ಮೊದಲು ಸಂಗತಿಯನ್ನು ಬರೆಯಿರಿ, ಸಿಟ್ಟನ್ನಲ್ಲ. ಪರೀಕ್ಷೆಯ ಪ್ರಕಟಣೆಯ ಸಂಖ್ಯೆ, ದಿನಾಂಕ, ನೀವು ಬರೆದ ದಿನ, ಫಲಿತಾಂಶ ಬಂದಿದ್ದರೆ ಅದರ ದಿನ, ಜ್ಯೇಷ್ಠತಾ ಪಟ್ಟಿಯಲ್ಲಿ ನಿಮ್ಮ ಸ್ಥಾನ, ನಿಮಗಾದ ನಷ್ಟ, ಕೊನೆಗೆ ನೀವು ಬೇಡುವ ಪರಿಹಾರ. ಇಷ್ಟು ಒಂದೆರಡು ಪುಟಗಳಲ್ಲಿ ಬಂದರೆ ಸಾಕು.

ಮೇಲಧಿಕಾರಿಯ ಮೂಲಕವೇ ಕಳುಹಿಸಿರಿ. ಪ್ರತಿಯ ಮೇಲೆ ಸ್ವೀಕೃತಿಯ ಮೊಹರನ್ನು ಪಡೆಯಿರಿ. ಕೊಡಲೊಲ್ಲೆನೆಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನು ಮನೆಯ ಪತ್ರಗಳೊಡನೆ ಜೋಪಾನಮಾಡಿರಿ. ಬಾಯಿಮಾತಿನ ಭರವಸೆಗೆ ದಿನಾಂಕವಿರುವುದಿಲ್ಲ, ರಸೀದಿಗೆ ಇರುತ್ತದೆ.

ಒಂದು ಪ್ರತಿಯನ್ನು ಸಂಘದ ಶಾಖೆಗೆ ಕೊಟ್ಟು, ಮುಂದಿನ ಸಂಧಾನ ಸಭೆಯ ವಿಷಯಪಟ್ಟಿಗೆ ಸೇರಿಸುವಂತೆ ಲಿಖಿತವಾಗಿ ಕೋರಿರಿ. ಸಭೆಯಾದ ಮೇಲೆ ನಡವಳಿಯ ಪ್ರತಿಯನ್ನು ಕೇಳಿರಿ.

ದಿನಗಳನ್ನು ಎಣಿಸಿರಿ. ಕೇಂದ್ರ ಆಡಳಿತ ನ್ಯಾಯಮಂಡಳಿಗೆ ಹೋಗಬೇಕಾದವನು ಮೊದಲು ಇಲಾಖೆಗೆ ಮನವಿ ಮಾಡಿರಬೇಕು. ಅಂತಿಮ ಉತ್ತರ ಬಂದರೆ ಅಂದಿನಿಂದ ಒಂದು ವರ್ಷದೊಳಗೆ ಹೋಗಬೇಕು. ಉತ್ತರವೇ ಬಾರದೆ ಆರು ತಿಂಗಳು ಕಳೆದರೆ, ಆ ಆರು ತಿಂಗಳು ಮುಗಿದಂದಿನಿಂದ ಒಂದು ವರ್ಷ. ೧೯೮೫ರ ಕಾಯಿದೆಯು ಇಟ್ಟ ಗಡುವು ಇದು. ಆದವಾನಿಯವರಿಗೆ ಹೈದರಾಬಾದಿನ ಪೀಠ, ಅಕ್ಕಲಕೋಟೆಯವರಿಗೆ ಮುಂಬಯಿಯದು, ಕಾಸರಗೋಡಿನವರಿಗೆ ಎರ್ನಾಕುಲಮಿನದು. ಗಡುವು ಮೀರಿದ ಮೇಲೆ ನ್ಯಾಯವಿದ್ದರೂ ಬಾಗಿಲಿರುವುದಿಲ್ಲ.

ರೈಲ್ವೆಯಲ್ಲದ ನಮ್ಮವರಿಗೂ ಎರಡು ಮಾತು. ಹೊಸೂರಿನ ಕಾರ್ಖಾನೆಗಳಲ್ಲಿಯೂ ಸೊಲ್ಲಾಪುರದ ವಿದ್ಯುತ್ ಮಗ್ಗಗಳಲ್ಲಿಯೂ ದುಡಿಯುವ ಕನ್ನಡಿಗರು ತರಬೇತಿಯ ಹೆಸರಿನಲ್ಲಿ ವರ್ಷಗಟ್ಟಲೆ ಕಾಯುವುದುಂಟು. ೨೦೨೫ನೆಯ ನವೆಂಬರ್ ೨೧ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಂತೆ ಇಪ್ಪತ್ತು ಅಥವಾ ಅದಕ್ಕೂ ಹೆಚ್ಚು ಕೆಲಸಗಾರರಿರುವ ಕೈಗಾರಿಕಾ ಸಂಸ್ಥೆಯಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಅದರಲ್ಲಿ ಮಾಲಿಕರ ಕಡೆಯವರೂ ಕೆಲಸಗಾರರ ಕಡೆಯವರೂ ಸಮಸಂಖ್ಯೆಯಲ್ಲಿ, ಒಟ್ಟು ಹತ್ತು ಮಂದಿಗೆ ಮೀರದಂತೆ ಇರಬೇಕು. ಕಾರಣ ಹುಟ್ಟಿದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು. ಸಮಿತಿಯು ಮೂವತ್ತು ದಿನಗಳಲ್ಲಿ ಮುಗಿಸಬೇಕು. ತೃಪ್ತಿಯಾಗದಿದ್ದರೆ ಅರುವತ್ತು ದಿನಗಳೊಳಗೆ ಸಂಘದ ಮೂಲಕ ರಾಜಿ ಅಧಿಕಾರಿಯ ಬಳಿಗೆ ಹೋಗಬಹುದು. ನಿಮ್ಮ ಕಾರ್ಖಾನೆಯಲ್ಲಿ ಇಂಥ ಸಮಿತಿ ಇದೆಯೇ? ಇದ್ದರೆ ಅದರ ಸದಸ್ಯರು ಯಾರು? ಇಂದೇ ವಿಚಾರಿಸಿರಿ.

೭. ಅಹವಾಲಿನಲ್ಲಿ ಬೇಡಬೇಕಾದುದು

ನಮ್ಮ ಸಮಿತಿಯ ಅಭಿಪ್ರಾಯದಲ್ಲಿ ಬೇಡಿಕೆಗಳು ಐದು. ಒಂದು: ದೂರಿಲ್ಲದೆ ಲಿಖಿತ ಪರೀಕ್ಷೆ ಮುಗಿದಿದ್ದ ಆಯ್ಕೆಗಳನ್ನು ಬೇರ್ಪಡಿಸಿ ಪರಿಶೀಲಿಸಬೇಕು. ಎರಡು: ತಡೆಯ ಕಾಲದಲ್ಲಿ ವಯೋಮಿತಿ ದಾಟಿದವರಿಗೆ ಒಂದು ಸಲದ ಸಡಿಲಿಕೆ ಕೊಡಬೇಕು. ಮೂರು: ಮುಂದೆ ಆಯ್ಕೆಯಾಗುವ ಅದೇ ನೌಕರರಿಗೆ ತಡೆಯಿಂದಾದ ಜ್ಯೇಷ್ಠತೆಯ ನಷ್ಟವನ್ನು ತುಂಬಿಕೊಡಬೇಕು. ನಾಲ್ಕು: ಪರೀಕ್ಷೆಗೂ ತರಬೇತಿಗೂ ವರ್ಷದ ಪಂಚಾಂಗವನ್ನು ಪ್ರಕಟಿಸಿ, ಅದರಂತೆ ನಡೆಯಬೇಕು. ಐದು: ಪ್ರಶ್ನಪತ್ರಿಕೆಯೂ ಪಾಠಗಳೂ ಕನ್ನಡದಲ್ಲಿ ದೊರೆಯಬೇಕು, ಜೊತೆಗೆ, ಸುತ್ತಿಗೆ ಹಿಡಿದ ಕೈಗೆ ಕಂಪ್ಯೂಟರಿನ ಮುಂದೆ ಕುಳಿತು ಅಭ್ಯಾಸಮಾಡಲು ವಿಭಾಗದ ಕೇಂದ್ರದಲ್ಲಿ ಅವಕಾಶ ಬೇಕು. ಹೊಸ ಕ್ರಮವು ಬಂದಿತೆಂದ ಮಾತ್ರಕ್ಕೆ ಹಳೆಯ ನಷ್ಟದ ಲೆಕ್ಕವು ಮುಗಿಯುವುದಿಲ್ಲ.

೮. ಆಕ್ಷೇಪಗಳಿಗೆ ಉತ್ತರ

"ಏಕೀಕರಣದ ಸಮಿತಿಗೆ ರೈಲ್ವೆಯ ಗೊಡವೆ ಏಕೆ?" ಎನ್ನುವರು. ಗಡಿಯೆಂದರೆ ನಕ್ಷೆಯ ಮೇಲಿನ ಗೆರೆಯೊಂದೇ ಎಂದು ತಿಳಿದವರ ಪ್ರಶ್ನೆ ಇದು. ೧೯೫೩ರಲ್ಲಿ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದುವು. ೧೯೫೬ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ೧೯೬೭ರ ಮಹಾಜನ ವರದಿಯು ಅಕ್ಕಲಕೋಟೆಯ ವಿಷಯದಲ್ಲಿಯೂ ಚಂದ್ರಗಿರಿ ಹೊಳೆಯ ಉತ್ತರದ ನಾಡಿನ ವಿಷಯದಲ್ಲಿಯೂ ನಮ್ಮ ಪರವಾಗಿ ನುಡಿದರೂ ಗೆರೆ ಅಲುಗಲಿಲ್ಲ. ಅರ್ಧ ಶತಮಾನಕ್ಕೂ ಮೀರಿ ಕಾದ ಜನರು ನಾವು. ಆ ಕಾಯುವಿಕೆಯ ನಡುವೆಯೂ ಕನ್ನಡಿಗನು ಉಣ್ಣಬೇಕು, ಮಕ್ಕಳನ್ನು ಓದಿಸಬೇಕು, ತಲೆಯೆತ್ತಿ ಬಾಳಬೇಕು. ಕನ್ನಡಿಗನಿಲ್ಲದ ಕನ್ನಡ ನೆಲವನ್ನು ಒಟ್ಟುಗೂಡಿಸಿ ಮಾಡುವುದೇನು?

"ದೂರು ಕೊಟ್ಟರೆ ಅಧಿಕಾರಿಯ ಕಣ್ಣು ಕೆಂಪಾಗುತ್ತದೆ" ಎಂದು ಅಂಜುವವರಿದ್ದಾರೆ. ಒಬ್ಬನೇ ಹೋದರೆ ಆಗಬಹುದು. ಅದಕ್ಕಾಗಿಯೇ ಸಂಘವಿರುವುದು. ಒಂದೇ ದಿನ, ಒಂದೇ ವಿಷಯದ ಮೇಲೆ ನಲವತ್ತು ಅಹವಾಲು ಬಂದರೆ ಯಾವ ಅಧಿಕಾರಿಯೂ ನಲವತ್ತು ಜನರ ಮೇಲೆ ಕಣ್ಣು ಕೆಂಪುಮಾಡಲಾರ.

"ಇದರಿಂದ ಮರಾಠಿಗರೊಡನೆ, ತೆಲುಗರೊಡನೆ, ಮಲಯಾಳಿಗಳೊಡನೆ ಮನಸ್ತಾಪ ಬಂದೀತು" ಎನ್ನುವವರಿಗೂ ಹೇಳುತ್ತೇವೆ. ಅದೇ ಗ್ಯಾಂಗಿನಲ್ಲಿ ನಿಮ್ಮ ಪಕ್ಕದಲ್ಲಿ ಹಾರೆ ಹಿಡಿದವನ ಬಡ್ತಿಯೂ ಅದೇ ಸುತ್ತೋಲೆಯಿಂದ ನಿಂತಿತು. ಅವನನ್ನು ಜೊತೆಗೆ ಕರೆದುಕೊಳ್ಳಿರಿ. ಅವನು ತನ್ನ ಭಾಷೆಯಲ್ಲಿ ಬರೆಯಲಿ, ನೀವು ನಿಮ್ಮ ಭಾಷೆಯಲ್ಲಿ ಬರೆಯಿರಿ. ೩೫೦ನೆಯ ವಿಧಿಯು ಅವನಿಗೂ ಅನ್ವಯಿಸುತ್ತದೆ. ನಮ್ಮ ಜಗಳ ನೆರೆಯವನೊಡನೆ ಅಲ್ಲ. ಇಬ್ಬರನ್ನೂ ಹೊರಗೆ ನಿಲ್ಲಿಸಿದ ಬಾಗಿಲಿನೊಡನೆ.

ಬಂಧುಗಳಿರಾ, ಗಡಿಯ ಪ್ರಶ್ನೆಯಲ್ಲಿ ದೆಹಲಿಯ ಕೈಯಲ್ಲಿರುವುದು ಬಹಳ, ನಮ್ಮ ಕೈಯಲ್ಲಿರುವುದು ಸ್ವಲ್ಪ. ಅಹವಾಲಿನ ಪ್ರಶ್ನೆಯಲ್ಲಾದರೋ ಲೇಖನಿಯು ನಮ್ಮ ಕೈಯಲ್ಲೇ ಇದೆ. ಅಳದ ಮಗುವಿಗೆ ಹೆತ್ತತಾಯಿಯೇ ಹಾಲೂಡುವುದಿಲ್ಲವೆನ್ನುತ್ತಾರೆ. ಸರ್ಕಾರವು ತಾಯಿಯೂ ಅಲ್ಲ. ಈ ಪುಸ್ತಿಕೆಯನ್ನು ಓದಬಲ್ಲವರು ಓದಲಾರದವರಿಗೆ ಓದಿ ಹೇಳಿರಿ. ಊರಿನ ಶಾಲೆಯ ಮೇಷ್ಟರು ಅರ್ಜಿ ಬರೆದುಕೊಡಲಿ. ಕಾಲೇಜು ಕಲಿತ ಹುಡುಗ ಹುಡುಗಿಯರು ಇಂಗ್ಲಿಷ್ ಪ್ರತಿ ಮಾಡಿಕೊಡಲಿ. ಗುಡಿಯ ಕಟ್ಟೆಯಲ್ಲಿ ಒಂದು ಸಂಜೆ ಕುಳಿತರೆ ಹತ್ತು ಅಹವಾಲು ಸಿದ್ಧವಾಗುತ್ತವೆ. ಮುಂದಿನ ಸಂಧಾನ ಸಭೆಯ ಮೊದಲೇ ಅವು ವಿಭಾಗ ಕಚೇರಿಯ ಮೇಜಿನ ಮೇಲಿರಲಿ, ಕನ್ನಡ ಅಕ್ಷರಗಳಲ್ಲಿ.

ಜಯ ಕರ್ನಾಟಕ!